ದೇಶಕ್ಕೆ ನಾನು ಕೊಟ್ಟ ಕಾಯ್ದೆ

ನಾನು ಮೈಕ್ ಹಚ್ಚಿದ ಸಭೆ ಒಂದೂ ಸುಮ್ಮನೆ ಮುಗಿದದ್ದಿಲ್ಲ. ಏನಾದರೊಂದು ಎಡವಟ್ಟು ನನ್ನ ವೈರಿನ ಹಿಂದೆಯೇ ಬಂದು ಕೂಡುತ್ತದೆ. ಮೂವತ್ತು ವರ್ಷದಿಂದ ಹೊಸಪೇಟೆಯಲ್ಲಿ ನನ್ನದು ಮೈಕ್‌ಸೆಟ್ ಅಂಗಡಿ. ದೇಶದ ಸಂಸ್ಕೃತಿ ಕಾಯ್ದೆ ಯಾರ ತಲೆಯಿಂದ ಹುಟ್ಟಿತೆಂದು ಕೇಳಿದರೆ ಧೈರ್ಯವಾಗಿ ನನ್ನನ್ನು ತೋರಿಸಿ. ಬೈಗುಳವೂ ನನಗೇ ಸಲ್ಲಲಿ.

೧. ಹೊಸಪೇಟೆಯ ಸಭೆ

ಆ ಕಾಯ್ದೆ ಹೇಗಿರಬೇಕೆಂದು ಜನರನ್ನು ಕೇಳಲು ಸಮಿತಿ ಬಂದಿತ್ತು. ಮುಖ್ಯಸ್ಥರು ಒಬ್ಬ ಮೇಡಂ. ಮಾತಾಡಲು ತಲೆಗೆ ಮೂರು ನಿಮಿಷ. ಮೆಟ್ರಿ ಎಂಬ ಹಳ್ಳಿಯ ತೊಗಲುಗೊಂಬೆ ಆಡಿಸುವ ಅಜ್ಜ ಎರಡು ನಿಮಿಷ ಮೈಕಿಗೆ ಕೈಮುಗಿಯುವುದರಲ್ಲೇ ಕಳೆದ. ಆಮೇಲೆ, “ನಮ್ಮ ಮುತ್ತಜ್ಜ ಮಾಡಿದ ಗೊಂಬಿ ಅದಾವ್ರಿ. ವರ್ಷಕ್ಕ ನಾಕು ಆಟ ಕೊಡ್ರಿ. ಆಡಿಸದಿದ್ರ ಸೆಟೆದು ಸಾಯ್ತಾವ” ಎಂದ. ಗಂಟೆ ಹೊಡೆಯಿತು.

ನನ್ನ ಮೈಕು, ನನ್ನ ಹಕ್ಕು. ಕಸಿದುಕೊಂಡು ಗುಡುಗಿದೆ: “ಮೇಡಂ, ಹಂಪಿ ಸಂಗೀತ ಕಂಬ ಕಾಪಾಡಿದಂಗ ಈ ಗೊಂಬಿಗಳ್ನ ಕಾಪಾಡ್ರಿ!”

ಚಪ್ಪಾಳೆಗೆ ಶಾಮಿಯಾನದ ಗೂಟ ಕಿತ್ತು ಬಂದವು. ಮೇಡಂ ಬರೆದುಕೊಂಡದ್ದು ನನ್ನ ಮಾತನ್ನು. ಅಜ್ಜನದನ್ನಲ್ಲ.

೨. ಹಂಪಿಯ ಕಂಬ

ಮರುದಿನ ಮೇಡಂ ಕಂಬ ನೋಡಲು ಹೊರಟರು. ಜೊತೆಗೆ ನಾನು, ಕಾಯ್ದೆಯ ಜನಕನಲ್ಲವೇ! ಅವರು ಬೆರಳು ಚಾಚುವಷ್ಟರಲ್ಲಿ ಕಾವಲುಗಾರ ಸೀಟಿ ಊದಿದ. “ಮುಟ್ಟಬ್ಯಾಡ್ರಿ!”

“ಹಾಗಾದರೆ ಇದು ನುಡಿಯುತ್ತದೆಂದು ತಿಳಿಯುವುದು ಹೇಗೆ?”

“ಬೋರ್ಡ್ ಐತಲ್ರಿ.”

ಮೇಡಂ ಕಣ್ಣು ತುಂಬಿಬಂತು. “ಕಾಪಾಡುವುದೆಂದರೆ ಇದು” ಎಂದು ಅದನ್ನೂ ಬರೆದುಕೊಂಡರು.

೩. ಸಂಡೂರಿನ ಅರ್ಜಿ

ನೆರವು ಕೇಳುವ ಕಲಾವಿದರ ಅರ್ಜಿ ಶಿಬಿರ ಸಂಡೂರಿನಲ್ಲಿತ್ತು. ಅಜ್ಜನನ್ನು ನನ್ನ ಮೈಕಿನ ಆಟೋದಲ್ಲೇ ಒಯ್ದೆ. ಅರ್ಜಿಯಲ್ಲಿ ಮೊದಲ ಪ್ರಶ್ನೆ: ನಿಮ್ಮ ಕಲೆ ಬದುಕಿದೆಯೋ, ಅಳಿದಿದೆಯೋ? ಬದುಕಿದೆ ಎಂದರೆ ನೆರವು ಬೇಕಿಲ್ಲ. ಅಳಿದಿದೆ ಎಂದರೆ ನೆರವು ಪಡೆಯುವವನೇ ಇಲ್ಲ.

“ಜಲ್ದಿ ಹೇಳಜ್ಜಾ” ಎಂದ ಗುಮಾಸ್ತ.

“ಮೇಲುಸಿರು ಬಿಡಾಕ ಹತ್ತೈತಿ ಅಂತ ಬರಿಯಪ್ಪ.”

“ಅದಕ್ಕ ಕಾಲಂ ಇಲ್ಲ.”

೪. ಕಂಪ್ಲಿಯ ಗಾಜು

ಕಾಯ್ದೆ ಬಂತು. “ನೋಡಜ್ಜಾ, ನನ್ನ ಮಾತು ಇದ್ದಂಗ ಅಚ್ಚಾಗೈತಿ!” ಎಂದು ಬೀಗಿದೆ. ಕಂಪ್ಲಿಯಲ್ಲಿ ಸರ್ಕಾರದ ದೊಡ್ಡ ಹಾಲ್ ಎದ್ದಿತು; ಅಲ್ಲೇ ಆಟ ಎಂದುಕೊಂಡು, ಗೊಂಬೆಪೆಟ್ಟಿಗೆಯನ್ನು ನಾನೇ ಅಜ್ಜನಿಂದ ಇಲಾಖೆಗೆ ಕೊಡಿಸಿದೆ.

ಉದ್ಘಾಟನೆಗೆ ಹೋದರೆ ಗೊಂಬೆಗಳೆಲ್ಲ ಗಾಜಿನೊಳಗೆ. ಬೀಗ. ಮೇಲೆ ಬೋರ್ಡ್: ‘ಆಡಿಸುವ ಗೊಂಬೆಗಳು. ಮುಟ್ಟಬಾರದು.’

ಇಲಾಖೆಯ ಅಧಿಕಾರಿ ಅಜ್ಜನಿಗೆ ಶಾಲು ಹೊದಿಸಿದರು. ಶಾಲಿನೊಳಗೆ ಅವನ ಬೆರಳುಗಳು, ಕೈಯಲ್ಲಿಲ್ಲದ ಗೊಂಬೆಕಡ್ಡಿಗಳನ್ನು ಆಡಿಸುತ್ತಿದ್ದವು. ಮೈಕ್ ನನ್ನ ಕೈಯಲ್ಲೇ ಇತ್ತು. ಅದನ್ನು ಅಜ್ಜನ ಮುಂದೆ ಹಿಡಿದೆ.

“ಬೀಗ ತೆಗೀರಿ ಸಾಹೇಬ್ರ, ಒಂದಾಟ ಆಡಸ್ತೀನಿ” ಎಂದ ಅಜ್ಜ.

“ನೂರು ವರ್ಷ ದಾಟಿದ್ದು ಆಡಿಸಂಗಿಲ್ಲ ಅಜ್ಜಾರ. ಗಾಜಿನೊಳಗ ಇಡಬೇಕು” ಎಂದರು ಅಧಿಕಾರಿ.

“ಹಂಗಾರ ನನ್ನೂ ಒಳಗ ಹಾಕ್ರಿ. ಅವುಗಳ ಸಂಗಾಟ ಇರತೀನಿ.”

ಒಳ್ಳೆಯ ಮನುಷ್ಯ ಆ ಅಧಿಕಾರಿ. ನಗಲಿಲ್ಲ. ಕಾಯ್ದೆ ಪುಸ್ತಕ ಪೂರ್ತಿ ತಿರುವಿ, “ವಯಸ್ಸೆಷ್ಟ್ರಿ?” ಎಂದರು.

“ಎಂಬತ್ತು.”

“ಕಾಯ್ದೆಯೊಳಗ ಬರಂಗಿಲ್ಲ ಅಜ್ಜಾರ” ಎಂದರು ನೊಂದುಕೊಂಡು. “ಇನ್ನಿಪ್ಪತ್ತು ವರ್ಷ ಬಿಟ್ಟು ಬರ್ರಿ.”