ತೊಟ್ಟಿಲಗುಡ್ಡದ ನೀಲಿ ಕಲ್ಲು

"ಅಕ್ಕಾ, ಇದು ಕಲ್ಲಿನ ಕನಸು ಓದೋ ಯಂತ್ರ!" ಎಂದು ನನ್ನ ತಮ್ಮ ಕುಬೇರಪ್ಪ ಎದೆಯುಬ್ಬಿಸಿ ನಿಂತಾಗ ನನಗೆ ಮೈಯೆಲ್ಲ ಉರಿದುಹೋಯಿತು. ಹಳೇ ರೇಡಿಯೊ, ಟಿವಿ ಪರದೆ, ಬೈಕಿನ ಬ್ಯಾಟರಿ, ನಡುವೆ ನನ್ನ ಇಡ್ಲಿ ಪಾತ್ರೆ! ಅದು ಕಳುವಾಗಿದೆಯೆಂದು ನಾನು ಪಕ್ಕದ ಮನೆಯವರ ಮೇಲೆ ಅನುಮಾನಪಟ್ಟು ಮಾತು ಬಿಟ್ಟಿದ್ದೆ!

"ಇಡ್ಲಿ ಎಲ್ಲಿ ಬೇಯಿಸ್ಲೋ, ನಿನ್ನ ತಲಿ ಮ್ಯಾಲೆ?"

"ಇಡ್ಲಿ ಇರ್ಲಿ ಬಿಡಕ್ಕ. ಗವಿ ಉಳೀಬೇಕೋ ಬ್ಯಾಡೋ?"

ಗವಿ ಉಳಿಯಲೇಬೇಕು. ಶ್ರಾವಣದಲ್ಲಿ ಒಂದು ದಿನ ನಮ್ಮೂರ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ತೊಟ್ಟಿಲಗುಡ್ಡದ ಗವಿಗೆ ಹೋಗಿ, ಉಂಡು, ತಣ್ಣನೆಯ ನೆಲದ ಮೇಲೆ ಹೊತ್ತು ಮುಳುಗುವ ತನಕ ಮಲಗುತ್ತೇವೆ. ವರ್ಷದಲ್ಲಿ ನನಗೆ ಕಣ್ತುಂಬ ನಿದ್ದೆ ಬರುವುದು ಅದೊಂದೇ ದಿನ! ಆ ಗುಡ್ಡಕ್ಕೆ ಈಗ ಜಲ್ಲಿ ಕ್ವಾರಿಯವರು ಸಿಡಿಮದ್ದು ಇಡಲು ನಿಂತಿದ್ದರು. ಗವಿಯ ಗೋಡೆಯಲ್ಲಿ ತಮ್ಮ ಕಂಡ ನೀಲಿ ಕಲ್ಲು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಅಪರೂಪದ್ದಾದರೆ ಗುಡ್ಡ ಉಳಿಯುತ್ತದೆ. ಸಾದಾ ಕಲ್ಲಾದರೆ ಗುಡ್ಡವೆಲ್ಲ ಜಲ್ಲಿ. ಕಲ್ಲಿನ ಕನಸು ಓದಿದರೆ ಅದರ ಜಾತಿ ಪರದೆಯ ಮೇಲೆ ಬರುತ್ತದೆ ಎಂಬುದು ತಮ್ಮನ ಲೆಕ್ಕ.

ಕಲ್ಲು ಪರೀಕ್ಷಿಸಲು ಸರ್ಕಾರದಿಂದ ಬಂದ ಖನಿಜ ತಜ್ಞ ಪದ್ಮರಾಜಯ್ಯ ಗವಿಯೊಳಗೆ ಕಾಲಿಟ್ಟಾಗಿನಿಂದ ಗಡಿಯಾರ ನೋಡುತ್ತಲೇ ಇದ್ದರು. ಕಲ್ಲಿನ ಮೇಲೆ ಕೈಯಿಟ್ಟು, "ಸಾದಾ ಕಲ್ಲ ಇದ್ದಂಗ ಐತಿ. ಬೇಗ ಮುಗಿಸ್ರೀ! ಸಂಜಿಗೆ ಮದ್ದು ಹಾರಿಸ್ತಾರ" ಎಂದರು.

ಯಂತ್ರವನ್ನು ಗವಿಗೆ ಹೊತ್ತು ತಂದಿದ್ದ ನನ್ನ ತಮ್ಮ ಇಡ್ಲಿ ತಟ್ಟೆಯನ್ನು ತಲೆಗೆ ಕಟ್ಟಿಕೊಂಡು ಗುಂಡಿ ಒತ್ತಲು ಹೋದ.

"ತಡಿಯೋ, ಪೂಜಿ ಆಗಿಲ್ಲ!" ಎಂದು ಗದರಿದೆ. ಹೊಸ ಯಂತ್ರವನ್ನು ಹಾಗೇ ಶುರು ಮಾಡುವುದುಂಟೇ? ಅರಿಶಿನ, ಕುಂಕುಮ ಹಚ್ಚಿದೆ, ನಿಂಬೆಹಣ್ಣು ಇಟ್ಟೆ, ಯಂತ್ರದ ನೆತ್ತಿಯ ಮೇಲೇ ತೆಂಗಿನಕಾಯಿ ಒಡೆದೆ.

"ಅಕ್ಕಾ, ನೀರು ಒಳಗ ಹೋತು!"

"ಹೋಗ್ಲಿ ಬಿಡು, ತಂಪಾಗ್ತೈತಿ."

ಗುಂಡಿ ಒತ್ತಿದ. ಯಂತ್ರ ಬಿಕ್ಕಳಿಸಿತು. ಪರದೆಯ ಮೇಲೆ ಬರಬೇಕಿದ್ದ ಕನಸು ನೇರವಾಗಿ ನಮ್ಮ ತಲೆಯೊಳಗೆ ಇಳಿಯಿತು!

ಅಯ್ಯೋ, ಏನು ಹೇಳಲಿ! ನಮ್ಮ ಬಯಲುಸೀಮೆಯ ಮೇಲೆಲ್ಲ ಹಸಿರು ಸಮುದ್ರ. ಸೆರಗಿನ ಕೆಳಗೆ ಮೀನುಗಳು ಮೆಲ್ಲಗೆ ಹಾದುಹೋಗುತ್ತಿದ್ದವು. ಮೇಲಿನಿಂದ ಒಂದು ಹನಿ ಹೊರಟಿತು, ಎಷ್ಟು ಹೊತ್ತಾದರೂ ಬೀಳುತ್ತಲೇ ಇತ್ತು. ಒಲೆ ಹಚ್ಚಬೇಕು, ನೀರು ತರಬೇಕು ಎಂಬುದೊಂದೂ ನೆನಪಾಗಲಿಲ್ಲ. ಅಷ್ಟು ಹಾಯಾಗಿತ್ತು, ಅಳು ಬಂತು.

ತಟ್ಟೆ ಕಟ್ಟಿಕೊಂಡದ್ದರಿಂದ ತಮ್ಮನಿಗೆ ಎಚ್ಚರವಿತ್ತು. ಬ್ಯಾಟರಿಯ ತಂತಿ ಕಿತ್ತ. ನಾನು ಕಣ್ಣುಬಿಟ್ಟೆ. ಕಲ್ಲಿನ ಮೇಲೆ ಕೈಯಿಟ್ಟಿದ್ದ ಪದ್ಮರಾಜಯ್ಯ ಮಾತ್ರ ಕನಸಿನಿಂದ ಹೊರಗೆ ಬರಲಿಲ್ಲ! ನೆಲದ ಮೇಲೆ ಕೂತು, ಅರೆಗಣ್ಣು ಮುಚ್ಚಿ ಮುಗುಳ್ನಗುತ್ತಿದ್ದರು.

"ಸಾಹೇಬ್ರ, ಏಳ್ರೀ! ಮದ್ದು ಹಾರಿಸ್ತಾರ!"

"ಅವಸರ..." ಎಂದರು. ಬುತ್ತಿ ಬಿಚ್ಚಿ ಒಂದು ರೊಟ್ಟಿ ತಿಂದೆ. "...ಯಾಕ?" ಎಂದರು.

ಕ್ವಾರಿಯ ಆಳುಗಳು ಬಂದು ಎಳೆದರು. ಊಹೂಂ! ಆಸಾಮಿ ಬಂಡೆಯಷ್ಟೇ ಭಾರವಾಗಿದ್ದರು. ಒಳಗೆ ಮನುಷ್ಯನನ್ನಿಟ್ಟು ಮದ್ದು ಹಚ್ಚುವುದು ಹೇಗೆ? ನನ್ನ ತಮ್ಮ ಯಂತ್ರವನ್ನು ಒರೆಸಿ, ಒಣಗಿಸಿ ಮತ್ತೆ ನೀಲಿ ಕಲ್ಲಿಗೆ ಹಿಡಿದ. ಪರದೆ ಬೆಳಗಿತು: 'ಸಾದಾ ಕಲ್ಲು.' ಗುಡ್ಡ ಹೋಯಿತಲ್ಲ ಎಂದುಕೊಂಡೆ. ಅವನು ಸುಮ್ಮನಿರದೆ ಯಂತ್ರವನ್ನು ಸಾಹೇಬರ ಕಡೆ ತಿರುಗಿಸಿದ.

'ಅಪರಿಚಿತ ಖನಿಜ. ಬಲು ಅಪರೂಪ. ಅಲುಗಿಸಬೇಡಿ!'

ಕ್ವಾರಿಯವರು ಗಂಟುಮೂಟೆ ಕಟ್ಟಿದರು. ಸಾಹೇಬರ ಹೆಂಡತಿ ಬಂದು ನೋಡಿ, "ಮನ್ಯಾಗೂ ಹಿಂಗ ಇರ್ತಿದ್ರು" ಎಂದು ಒಂದು ಕಂಬಳಿ ಹೊದಿಸಿ ಹೋದರು.

ಶ್ರಾವಣ ಬಂತು. ಗವಿಗೆ ಹೋದೆವು, ಉಂಡೆವು, ಮಲಗಿದೆವು. ಆಗ ಆ ಅಪರೂಪದ ಖನಿಜ ಗೊರಕೆ ಎಳೆಯಿತು. ಮಧ್ಯಾಹ್ನ ಶುರುವಾದ ಒಂದೇ ಗೊರಕೆ ಸಂಜೆ ಮುಗಿಯಿತು. ನನಗೆ ರೆಪ್ಪೆ ಹತ್ತಲಿಲ್ಲ. ಸಿಡಿಮದ್ದಾಗಿದ್ದರೆ ಒಂದು ಸಲ ಢಂ ಅಂದು ಸುಮ್ಮನಾಗುತ್ತಿತ್ತು.