ಗುರುಗ್ರಹಕ್ಕೊಬ್ಬ ಟೈಮ್‌ಕೀಪರ್

ತಡವಾಗಿ ಬಂದದ್ದಕ್ಕೆ ಗುರುಗ್ರಹದ ಚಂದ್ರನಿಗೆ ಮೆಮೊ ಬರೆದ ಮನುಷ್ಯ ಇಡೀ ಕುಂದಾಪುರದಲ್ಲಿ ಒಬ್ಬರೇ. ಅವರು ನನ್ನ ಮಾವ! ನಿಜವಾಗಿ ಬರೆದರೋ, ಬರೆಯುತ್ತೇನೆ ಎಂದು ಎದ್ದರೋ? ಅದನ್ನು ನಾನು ಪ್ರಮಾಣ ಮಾಡಿ ಹೇಳಲಾರೆ. ಈ ಪ್ರಸಂಗವನ್ನು ಎಷ್ಟು ಮದುವೆಮನೆಗಳ ಪಂಕ್ತಿಯಲ್ಲಿ ಹೇಳಿದ್ದೇನೆಂದರೆ, ನಡೆದದ್ದೆಷ್ಟು, ನಾನು ಹಾಕಿದ ಒಗ್ಗರಣೆ ಎಷ್ಟು ಎಂಬುದು ನನಗೇ ಗೊತ್ತಾಗದ ಹಾಗಾಗಿದೆ. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಭೌತಶಾಸ್ತ್ರ ಓದಿ ನಾನು ಕಲಿತದ್ದು ಒಂದೇ: ಯಾರ ಮಾತನ್ನೂ ಸುಮ್ಮನೆ ನಂಬಬಾರದು. ಆ ‘ಯಾರ’ ಪಟ್ಟಿಯಲ್ಲಿ ನಾನೂ ಇದ್ದೇನೆ ಎಂಬುದು ಹೊಳೆದದ್ದು ನಲವತ್ತು ದಾಟಿದ ಮೇಲೆ. ಆದ್ದರಿಂದ ಮುಂದಿನದನ್ನು ನೀವೂ ಸ್ವಲ್ಪ ಸೋಸಿಕೊಂಡೇ ಓದಿ.

ಮಾವ ಮೂವತ್ತನಾಲ್ಕು ವರ್ಷ ಕುಂದಾಪುರದ ಬಸ್‌ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಟೈಮ್‌ಕೀಪರ್ ಆಗಿದ್ದವರು. ನಮ್ಮ ಕಡೆ ಬಸ್ಸಿಗೂ ಬಸ್ಸಿಗೂ ಮೂರೇ ನಿಮಿಷ ಅಂತರ. ಮುಂದಿನದು ಒಂದು ನಿಮಿಷ ತಡಮಾಡಿತೋ, ಹಿಂದಿನದರ ಜನವನ್ನೆಲ್ಲ ಬಾಚಿಕೊಂಡಿತು ಎಂದು ರಣರಂಗ! ಈ ರಣರಂಗದ ನಡುವೆ ಒಂದು ಮರದ ಕುರ್ಚಿ, ಕುರ್ಚಿಯಲ್ಲಿ ಮಾವ, ಮಾವನ ತೊಡೆಯ ಮೇಲೆ ರಿಜಿಸ್ಟರು. ಬರಬೇಕಾದ ಸಮಯ, ಬಂದ ಸಮಯ, ತಡ, ತಡಕ್ಕೆ ಕಾರಣ. ಬೇರೆ ಟೈಮ್‌ಕೀಪರುಗಳು ಕಾರಣದ ಕಾಲಂನಲ್ಲಿ ಪಂಕ್ಚರು, ಮಳೆ, ದನ ಅಡ್ಡ ಬಂತು ಎಂದೆಲ್ಲ ಬರೆಯುತ್ತಿದ್ದರು. ಮಾವ ಬರೆಯುತ್ತಿದ್ದದ್ದು ಒಂದೇ: ‘ಚಾಲಕನ ಅಜಾಗ್ರತೆ’. ಮರ ಬಿದ್ದು ಹೆದ್ದಾರಿ ಮುಚ್ಚಿದ ದಿನವೂ ಅದೇ. ಮರ ಬೀಳುವ ಮುಂಚೆ ಅವನಿಗೆ ದಾಟಲು ಏನಾಗಿತ್ತು?

ಇಂಥವರು ನಿವೃತ್ತರಾದರೆ ಮನೆಯವರ ಗತಿ ಏನು? ಕುಂದಾಪುರದ ಪಕ್ಕದ ಕೋಡಿಯಲ್ಲಿದ್ದ ಮನೆಯಲ್ಲಿ ಕುಕ್ಕರಿನ ಸೀಟಿಗಳ ನಡುವಿನ ಅಂತರ ಬರೆದಿಡತೊಡಗಿದರು. ಅತ್ತೆ ಮೂರು ತಿಂಗಳು ಸಹಿಸಿದರು. ಆಮೇಲೊಂದು ಮಧ್ಯಾಹ್ನ, ನಾನು ಬ್ರಹ್ಮಾವರದಿಂದ ಊಟಕ್ಕೆ ಹೋದಾಗ, ಮಾವ ಸಾರಿನ ಎಲೆಯ ಮುಂದೆ ಘೋಷಿಸಿದರು:

“ಮಾಣಿ, ನಾನ್ ಕಾಲೇಜಿಗೆ ಸೇರ್ದೆ.”

“ಯಾವ ಕೆಲಸಕ್ಕೆ ಮಾವ?”

“ಕೆಲ್ಸಕ್ಕಲ್ಲ. ಓದುಕೆ. ಖಗೋಳಭೌತಶಾಸ್ತ್ರ. ಬಿ.ಎಸ್ಸಿ.”

ನನ್ನ ಗಂಟಲಲ್ಲಿ ಸಾರು ದಾರಿ ತಪ್ಪಿತು. ಅತ್ತೆ ಸೌಟು ಹಿಡಿದೇ ನಿಂತರು. “ಎಲ್ಲರಿಗೂ ಶನಿ ಹಿಡಿತಂಬ್ರ್. ಇವ್ರ್ ಕಾಣ್, ಇವ್ರೇ ಹೋಯಿ ಶನಿನ ಹಿಡ್ಕಂಡ್ರ್!”

ಯಾವುದೋ ದೂರದ ವಿಶ್ವವಿದ್ಯಾಲಯ. ಮನೆಯಲ್ಲೇ ಓದಿ, ಪರೀಕ್ಷೆಗೆ ಮಾತ್ರ ಬ್ರಹ್ಮಾವರದ ಕೇಂದ್ರಕ್ಕೆ ಹೋಗುವುದು. ಮೂರು ವರ್ಷದ ಪದವಿ. ಎಷ್ಟೇ ಎಳೆದರೂ ಆರು ವರ್ಷದೊಳಗೆ ಮುಗಿಸಬೇಕು, ಇಲ್ಲದಿದ್ದರೆ ನೋಂದಣಿ ರದ್ದು. ಹಳೆಯ ಪಿಯುಸಿ ಅಂಕಪಟ್ಟಿಯನ್ನು ಮಾವ ಅದೆಲ್ಲಿ ಕಾಪಾಡಿಟ್ಟಿದ್ದರೋ! ಪಾಠ ಹೇಳುವವರು ಯಾರು? ಇನ್ಯಾರು, ಭೌತಶಾಸ್ತ್ರ ಓದಿ ಕೆಟ್ಟ ಅಳಿಯ. ಆರು ವರ್ಷ ನನ್ನ ಭಾನುವಾರಗಳು ಅವರ ಪಾಲಾದವು.

ಮೊದಲ ಜಗಳ ಸೂರ್ಯನ ವಯಸ್ಸಿನ ಮೇಲೆ. ಸುಮಾರು ನಾನೂರ ಅರವತ್ತು ಕೋಟಿ ವರ್ಷ ಎಂದೆ.

“ಸುಮಾರ್ ಅಂದ್ರೆ?”

“ಐದಾರು ಕೋಟಿ ಹೆಚ್ಚುಕಡಿಮೆ ಇರಬಹುದು ಮಾವ.”

ಅವರು ಪೆನ್ನು ಕೆಳಗಿಟ್ಟರು. “ಕೋಟಿ ವರ್ಷ ಹೆಚ್ಚುಕಡಿಮೆ! ಇಲ್ಲಿ ಎರಡ್ ನಿಮಿಷ ಹೆಚ್ಚುಕಡಿಮೆ ಆರೆ ಕಾಲರ್ ಪಟ್ಟಿ ಹಿಡಿತ್ರ್. ಇದ್ ಎಂತ ಶಾಸ್ತ್ರ ಮಾರಾಯಾ? ಇವ್ರಿಗೆಲ್ಲ ಒಬ್ಬ ಸಮಾ ಟೈಮ್‌ಕೀಪರ್ ಇರ್ಲಿಲ್ಯಾ?”

ಈ ಹಟದಿಂದಲೇ ಮೊದಲ ವರ್ಷ ಗಣಿತ ಹೋಯಿತು. ‘ಅಂದಾಜು ಉತ್ತರ ಕೊಡಿ’ ಎಂದಿದ್ದ ಪ್ರಶ್ನೆಗೆ ಮಾವ ‘ಅಂದಾಜು ಹೇಳುವ ಅಭ್ಯಾಸ ನನಗಿಲ್ಲ’ ಎಂದು ಬರೆದು ಬಂದಿದ್ದರು. ಎರಡನೇ ಸಲವೂ ಹೋಯಿತು. ಮೂರನೇ ಸಲ ಹೋದಾಗ ನಾನು ಕಲನಶಾಸ್ತ್ರದ ಪುಸ್ತಕವನ್ನು ಪಂಚಗಂಗಾವಳಿ ಹೊಳೆಗೆ ಎಸೆಯುವುದೊಂದು ಬಾಕಿ.

ಈ ನಡುವೆ ಊರಿಗೆ ಸುದ್ದಿ ಹರಡಿತ್ತು: ಟೈಮ್‌ಕೀಪರು ಗ್ರಹಗತಿ ಕಲಿಯುತ್ತಿದ್ದಾರೆ! ಸಾಲಿಗ್ರಾಮದಿಂದ ಒಬ್ಬರು ಮಗಳ ಜಾತಕ ಹಿಡಿದುಕೊಂಡೇ ಬಂದರು. “ಕುಜ ಎಲ್ಲಿದ್ದ ಅಂದ್ ಒಂಚೂರ್ ಕಾಣಿ.” ಮಾವ ಕೋಷ್ಟಕ ತೆಗೆದು, ಅರ್ಧ ಗಂಟೆ ಲೆಕ್ಕ ಹಾಕಿ ಹೇಳಿದರು: “ಇಪ್ಪತ್ತು ಕೋಟಿ ಕಿಲೋಮೀಟರ್ ಆಚಿಗಿದ್ದ. ನಿಮ್ಮ ಹುಡ್ಗಿ ತಂಟಿಗೆ ಬಪ್ಪುಕೆ ಅವ್ನಿಗೆ ಪುರ್ಸೊತ್ತಿಲ್ಲೆ.” ಬಂದವರು ಕೈಮುಗಿದು, ದೋಷವೇ ಇಲ್ಲವೆಂದು ಊರೆಲ್ಲ ಸಾರಿದರು. ಮುಂದಿನ ವಾರ ಜಗಲಿಯಲ್ಲಿ ನಾಲ್ಕು ಜಾತಕಗಳು!

ಈಗ ಮೆಮೊ ಪ್ರಸಂಗ. ಎರಡನೇ ವರ್ಷದ ಪಠ್ಯದಲ್ಲಿ ಗುರುಗ್ರಹದ ಒಂದು ಚಂದ್ರನ ವಿಷಯ ಬರುತ್ತದೆ. ಅದು ಗುರುವಿನ ನೆರಳೊಳಗೆ ಹೋಗಿ ಮರೆಯಾಗುತ್ತದೆ, ಮತ್ತೆ ಸುತ್ತಿಬಂದು ಮರೆಯಾಗುತ್ತದೆ. ನಲವತ್ತೆರಡೂವರೆ ಗಂಟೆಗೊಮ್ಮೆ, ಖಡಾಖಂಡಿತ. ಮಾವ ಮೊದಲ ಬಾರಿಗೆ ಆಕಾಶವನ್ನು ಮೆಚ್ಚಿದರು. ಆದರೆ ಪುಟ ತಿರುವಿದರೆ? ವರ್ಷದ ಕೆಲವು ತಿಂಗಳು ಅದು ಹೇಳಿದ ಹೊತ್ತಿಗೆ ಮರೆಯಾಗುವುದಿಲ್ಲ. ತಡ ಬೆಳೆಯುತ್ತ ಬೆಳೆಯುತ್ತ ಹದಿನಾರು ನಿಮಿಷಕ್ಕೆ ಮುಟ್ಟುತ್ತದೆ.

“ಹದ್ನಾರ್ ನಿಮ್ಷ! ಅಷ್ಟೊತ್ತಿಗೆ ಐದ್ ಬಸ್ ಹೋತಿತ್. ಮೆಮೊ ಕೊಡ್ದೆ ಬಿಟ್ಟದ್ದ್ ಯಾರ್?”

ಆಗಲೇ ಅವರು ಹಳೆಯ ಮೆಮೊ ಪುಸ್ತಕ ತೆಗೆದರು, ಅಥವಾ ತೆಗೆಯುತ್ತೇನೆಂದು ಎದ್ದರು. ನನಗೆ ರೇಗಿತು. “ಮಾವ, ಚಂದ್ರ ತಡಮಾಡುವುದಿಲ್ಲ. ಅದು ತನ್ನ ಹೊತ್ತಿಗೇ ಮರೆಯಾಗುತ್ತದೆ. ನಾವು ನಿಂತಿರುವ ಭೂಮಿ ಸೂರ್ಯನ ಸುತ್ತ ಹೋಗುತ್ತ ಅದರಿಂದ ದೂರ ಸರಿದಿರುತ್ತದೆ. ಅಲ್ಲಿಂದ ಬೆಳಕು ಇಲ್ಲಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕು. ಅಷ್ಟೇ!”

ಮಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಪೆನ್ನಿಗೆ ಮುಚ್ಚಳ ಹಾಕಿದರು. ಕೊನೆಗೆ, “ಅಂದ್ರೆ ತಪ್ಪ್ ಬಪ್ಪವಂದಲ್ಲ. ಬರ್ಕಂತಾ ಕೂತವ್ನದ್ದ್” ಎಂದರು.

ಪಾಠ ಮುಗಿಯಿತೆಂದು ನಾನು ಸಂತೋಷಪಟ್ಟೆ. ಎಂಥ ಮೂರ್ಖ! ಮುಂದಿನ ಭಾನುವಾರ ಹೋದರೆ ಅಟ್ಟದ ಮೇಲಿದ್ದ ಹಳೆಯ ರಿಜಿಸ್ಟರುಗಳ ಕಾರ್ಬನ್ ಪ್ರತಿಗಳೆಲ್ಲ ಜಗಲಿಯಲ್ಲಿ. ಅವುಗಳ ನಡುವೆ ಮಾವ. “ಇಷ್ಟ್ ಕಾಗ್ದ ತಿಂದ ಗೆದ್ದಲಿಗಾದ್ರೂ ಪಾಸಾಪುಕಾತಿತ್!” ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದರು.

ಮಾವ ಹುಡುಕುತ್ತಿದ್ದದ್ದು ಒಂದು ಬಸ್ಸನ್ನು: ಬೈಂದೂರಿನಿಂದ ಕುಂದಾಪುರಕ್ಕೆ ಬರುವ ಬೆಳಗಿನ ಬಸ್ಸು. ಅದರ ಡ್ರೈವರ್ ಅದೇ ದಾರಿಯ ನಾವುಂದ ಊರಿನವರು. ಎರಡು ವರ್ಷ ಆ ಬಸ್ಸು ತಡವಾಗಿ ಬಂದಿತ್ತು, ಎರಡು ವರ್ಷ ಮಾವ ‘ಚಾಲಕನ ಅಜಾಗ್ರತೆ’ ಎಂದು ಬರೆದಿದ್ದರು, ಕೊನೆಗೆ ಮಾಲೀಕರು ಆ ಡ್ರೈವರನ್ನು ಕೆಲಸದಿಂದ ತೆಗೆದಿದ್ದರು. ಈಗ ಆ ಎರಡು ವರ್ಷದ ತಡವನ್ನೆಲ್ಲ ಮಾವ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ಗುರುತಿಸಿದ್ದರು.

“ಕಾಣ್ ಮಾಣಿ. ಜೂನಿಗೆ ಏರತ್ತ್. ಜುಲೈಗೆ ಎಂಟ್ ನಿಮ್ಷ. ದೀಪಾವಳಿ ಕಳ್ದ್ ಮೇಲೆ ಎರಡೇ. ಏಪ್ರಿಲ್, ಮೇ ಸೊನ್ನೆ. ಮತ್ತೆ ಆಯ್ತವಾರ ಯಾವತ್ತೂ ಸೊನ್ನೆ. ಅಜಾಗ್ರತೆ ಇಪ್ಪವಂಗೆ ಆಯ್ತವಾರ ಜಾಗ್ರತೆ ಹ್ಯಾಂಗೆ ಬತ್ತ್?”

ಮರುದಿನವೇ ಅವರು ಆ ದಾರಿಯಲ್ಲಿ ಬಸ್ಸು ಹತ್ತಿ ಸ್ಟಾಪು ಸ್ಟಾಪಿನಲ್ಲಿ ಇಳಿದು ವಿಚಾರಿಸಿದರು. ಮೂವತ್ತನಾಲ್ಕು ವರ್ಷ ಆ ರಸ್ತೆಯ ಬಗ್ಗೆ ಬರೆದಿದ್ದರೂ, ಅದರ ಕೊನೆಯಲ್ಲಿ ಕುರ್ಚಿ ಹಾಕಿ ಕೂತದ್ದಲ್ಲದೆ ಅಲ್ಲಿ ಇಳಿದವರೇ ಅಲ್ಲ. ಒಂದು ಸ್ಟಾಪಿನ ಚಾದಂಗಡಿಯಲ್ಲಿ ಉತ್ತರ ಸಿಕ್ಕಿತು. ಹೊಳೆ ನಡುವಿನ ಕುದ್ರುವಿನಿಂದ ಆಗ ಶಾಲೆಮಕ್ಕಳು ದೋಣಿಯಲ್ಲಿ ಬರುತ್ತಿದ್ದರಂತೆ. ಹೊಳೆ ತುಂಬಿದ ದಿನ ದೋಣಿ ನಿಧಾನ. ಡ್ರೈವರು ದೋಣಿ ದಡ ಮುಟ್ಟುವವರೆಗೆ ಬಸ್ಸು ನಿಲ್ಲಿಸಿಕೊಂಡಿರುತ್ತಿದ್ದರಂತೆ. ಈಗ ಅಲ್ಲಿ ಸೇತುವೆ ಆಗಿದೆ.

ಅಂದಿನಿಂದ ಮಾವನಿಗೆ ಪದವಿ ಎನ್ನುವುದು ಹುಚ್ಚಾಗಿ ಉಳಿಯಲಿಲ್ಲ, ಹಟವೂ ಆಗಿ ಉಳಿಯಲಿಲ್ಲ. ಪಾಸಾಗಬೇಕು, ಆಮೇಲೆ ನಾವುಂದಕ್ಕೆ ಹೋಗಬೇಕು.

“ಈಗಲೇ ಹೋಗಿ ಒಂದು ಮಾತು ಹೇಳಿ ಬನ್ನಿ ಮಾವ. ಅದಕ್ಕೆ ಬಿ.ಎಸ್ಸಿ. ಏಕೆ?”

“ತಪ್ಪ್ ಅಂದ್ ಹೇಳುವತಿಗೆ ಪೆನ್ನಲ್ಲಿ ಬರ್ದ್, ಸೀಲ್ ಹಾಕಿ ಕೊಟ್ಟವ ನಾನ್. ಸರಿ ಅಂದ್ ಹೇಳುವತಿಗೆ ಬರೀ ಬಾಯಲ್ಲಿ ಹೇಳುದಾ? ನನ್ನ ಲೆಕ್ಕ ಸಮಾ ಇತ್ತ್ ಅಂದ್ ತಿಳ್ದವ್ರ್ ಯಾರಾರೂ ಹೇಳ್ಕ್.”

ನಾಲ್ಕನೇ ಪ್ರಯತ್ನದಲ್ಲಿ ಗಣಿತ ದಾಟಿತು. ಆರನೇ ವರ್ಷಕ್ಕೆ ಉಳಿದದ್ದು ಪ್ರಾಜೆಕ್ಟ್ ಮತ್ತು ಅದರ ಮೌಖಿಕ ಪರೀಕ್ಷೆ. ಹೋದರೆ ಎಲ್ಲವೂ ಹೋಯಿತು. ಪ್ರಾಜೆಕ್ಟಿನ ವಿಷಯ ಗುರುವಿನ ಚಂದ್ರನ ತಡ; ಹಿಂದೆ ಅನುಬಂಧವಾಗಿ ಬೈಂದೂರು ಬಸ್ಸಿನ ತಡ! ನಾನು ಬೇಡಿಕೊಂಡೆ, ಬೈದೆ, ಒಂದು ಸಲ ಆ ಹಾಳೆಗಳನ್ನು ಕದ್ದು ನನ್ನ ಚೀಲಕ್ಕೂ ಹಾಕಿಕೊಂಡೆ. ಮಾವ ಮತ್ತೊಂದು ಪ್ರತಿ ತೆಗೆದರು. ಟೈಮ್‌ಕೀಪರ್ ಅಲ್ಲವೇ, ಕಾರ್ಬನ್ ಇಲ್ಲದೆ ಬರೆದವರೇ ಅಲ್ಲ!

ಬ್ರಹ್ಮಾವರದ ಕೇಂದ್ರದಲ್ಲಿ ಪರೀಕ್ಷಕಿ ಒಬ್ಬ ಯುವತಿ. ನಾನು ಹೊರಗೆ ಕಿಟಕಿಯ ಪಕ್ಕ ನಿಂತಿದ್ದೆ, ಅರ್ಧ ಕೇಳಿಸಿತು, ಉಳಿದರ್ಧ ನಾನು ಕಟ್ಟಿಕೊಂಡದ್ದಿರಬಹುದು. ಮೊದಲ ಅರ್ಧ ಗಂಟೆ ಬರೀ ಚಂದ್ರ. ಆಮೇಲೆ ಆಕೆ ಪುಟ ಮಗುಚಿ ನಿಂತರು.

“ಸರ್, ಇದು ಯಾವ ಗ್ರಹದ್ದು?”

“ಬೈಂದೂರಿಂದ ಹೊರಡುದ್ ಮೇಡಂ.”

ನಾನು ಕಣ್ಣು ಮುಚ್ಚಿದೆ. ಆರು ವರ್ಷ, ಮುನ್ನೂರು ಭಾನುವಾರ, ಎಲ್ಲ ಮುಗಿಯಿತು!

ಆಕೆ ನಗಲಿಲ್ಲ. ಭಾನುವಾರದ ಸೊನ್ನೆಗಳ ಬಗ್ಗೆ ಕೇಳಿದರು. ಮಳೆಗಾಲದ ಏರಿನ ಬಗ್ಗೆ ಕೇಳಿದರು. ಬೇರೆ ಡ್ರೈವರ್ ಓಡಿಸಿದ ದಿನಗಳೊಂದಿಗೆ ಹೋಲಿಸಿದ್ದೀರಾ ಎಂದರು. ಹೋಲಿಸಿದ್ದರು, ಆ ದಿನಗಳಲ್ಲಿ ಬಸ್ಸು ಸರಿಯಾದ ಹೊತ್ತಿಗೆ ಬಂದಿತ್ತು. ಮಕ್ಕಳು ಹೊಳೆಯ ದಡದಲ್ಲೇ ಉಳಿದಿರಬೇಕು. ಕೊನೆಗೆ ಆಕೆ, “ನಿಮ್ಮ ಅಳತೆಯಲ್ಲಿ ತಪ್ಪು ಎಷ್ಟಿರಬಹುದು?” ಎಂದರು.

“ಒಂದೆರಡ್ ನಿಮ್ಷ ಹೆಚ್ಚುಕಡಿಮೆ ಇಪ್ಪುಕೂ ಸಾಕ್ ಮೇಡಂ” ಎಂದರು ಮಾವ. “ನನ್ ಗಡಿಯಾರವೂ ತಪ್ಪಿಪ್ಪುಕೆ ಸಾಕ್.”

ಈ ಮಾತನ್ನು ಮಾತ್ರ ನಾನು ಕಟ್ಟಿಕೊಂಡದ್ದಲ್ಲ. ಕಟ್ಟುವಷ್ಟು ಕಲ್ಪನೆ ನನಗಿಲ್ಲ.

ದ್ವಿತೀಯ ದರ್ಜೆಯಲ್ಲಿ ಪಾಸು. ಫಲಿತಾಂಶ ಬಂದ ಮೊದಲ ಭಾನುವಾರ ಮಾವ ಕಾರಣದ ಕಾಲಂ ತಿದ್ದಿ ಬರೆದ ಹಾಳೆಗಳನ್ನು ಕವರಿನಲ್ಲಿ ಹಾಕಿಕೊಂಡು, ನನ್ನನ್ನು ಬರಬೇಡವೆಂದು, ಒಂಬತ್ತೂ ಕಾಲರ ಬಸ್ಸಿನಲ್ಲಿ ನಾವುಂದಕ್ಕೆ ಹೋದರು. ಹಿಂದಿರುಗಿ ಏನೂ ಹೇಳಲಿಲ್ಲ. ಉಂಡು ಮಲಗಿದರು ಎಂದು ಅತ್ತೆ ಹೇಳಿದರು.

ಸುಮ್ಮನಿರುವ ಜಾಯಮಾನ ನನ್ನದಲ್ಲ. ಮುಂದಿನ ವಾರ ನಾನೇ ನಾವುಂದಕ್ಕೆ ಹೋದೆ. ಡ್ರೈವರ್ ಈಗ ಮುದುಕರು, ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದರು. ಮನೆ ಬಸ್‌ ಸ್ಟಾಪಿಗೆ ಎದುರೇ.

“ಬಂದಿದ್ರ್ ಮಾರಾಯ್ರೆ. ಹತ್ತ್ ಗಂಟಿಗೆ ಬತ್ತೆ ಅಂದ್ ಫೋನ್ ಮಾಡಿದ್ರ್. ಬಪ್ಪತಿಗೆ ಹತ್ತೂ ಮುಕ್ಕಾಲ್. ಬಸ್ಸೇ ತಡ ಆಯ್ತ್ ಅಂದ್ರ್. ನಾನ್ ಹೇಳ್ದೆ, ಅಡ್ಡಿಲ್ಲೆ, ಬಸ್ ಅಂದ್ರೆ ತಡ ಆತಿತ್, ಒಳಗ್ ಬನಿ ಅಂದ್.”

ಅವರಿಬ್ಬರೂ ಒಳಗೆ ಏನು ಮಾತಾಡಿದರು ಎಂದು ನಾನು ಕೇಳಲಿಲ್ಲ. ಆದರೆ ಅಲ್ಲಿಂದ ಬೈಂದೂರಿಗೆ ಹೋಗಿ, ಅಲ್ಲಿನ ಟೈಮ್‌ಕೀಪರನ್ನು ಕಾಡಿ, ಆ ಭಾನುವಾರದ ಪುಟ ತೆಗೆಸಿ ನೋಡಿದೆ. ಮಾವನನ್ನು ನಾವುಂದದಲ್ಲಿ ಇಳಿಸಿದ ಕಂಡಕ್ಟರನ್ನೂ ವಿಚಾರಿಸಿದೆ. ಇದರಲ್ಲಿ ಅನುಮಾನವಿಲ್ಲ: ಮಾವ ಹೋದ ಬಸ್ಸು ಅಂದು ಒಂದು ನಿಮಿಷವೂ ತಡವಾಗಿರಲಿಲ್ಲ.