ಓಬಯ್ಯನ ದೋಣಿ ಕಡಲಿಗೆ ಹೊರಟದ್ದು

ಇಪ್ಪತ್ತೆರಡು ವರ್ಷದ ಹಿಂದೆ ಮರವಂತೆಯ ಒಂದು ಅಂಗಳದಲ್ಲಿ ನಿಂತು ಓಬಯ್ಯ ಒಂದು ಮಾತು ಕೊಟ್ಟಿದ್ದ. ಕುಂದಾಪುರದ ಕಡೆ ಬಾಗಿಲು, ಕಿಟಕಿ ಕೂಡಿಸುವ ಕೆಲಸಕ್ಕೆ ಹೋದವನು ಮೀನುಗಾರ ಶೀನ ಮೊಗವೀರರ ಮಗಳು ಸುಮಿತ್ರಾಳನ್ನು ಮೆಚ್ಚಿ, ಮದುವೆಯ ಮಾತು ಎತ್ತಿದ್ದ. ಮೊಗವೀರರು ಅವನನ್ನು ತಲೆಯಿಂದ ಕಾಲಿನವರೆಗೆ, ಮೂರು ದಿನದ ಬಂಗುಡೆಯನ್ನು ನೋಡುವಂತೆ ನೋಡಿದರು.

"ನಮ್ಮ ಬದಿಯಲ್ಲಿ ಹೆಣ್ಣು ಕೇಳುವವನಿಗೆ ಒಂದು ದೋಣಿ ಆದ್ರೂ ಇರ್ತದೆ. ನಿನ್ನ ಹತ್ರ ಎಂತ ಇತ್ತ್?"

"ಉಳಿ ಐತೆ" ಎಂದಿದ್ದ ಓಬಯ್ಯ.

ಅಷ್ಟಕ್ಕೇ ಸುಮ್ಮನಾಗಿದ್ದರೆ ಬದುಕು ನೆಟ್ಟಗಿರುತ್ತಿತ್ತು. ಆದರೆ ಅವನಿಗಾಗ ಇಪ್ಪತ್ತಾರು, ಮೇಲಾಗಿ ಬಾಗಿಲ ಸಂದಿಯಲ್ಲಿ ಸುಮಿತ್ರಾ ನಿಂತಿದ್ದಳು. "ನನ್ನ ಕೈಯಾರೆ ದೋಣಿ ಮಾಡಿ ಅದ್ರಾಗೆ ನಿಮ್ಮನ್ನ ಕುಂಡ್ರಿಸ್ತೀನಿ ಮಾವ" ಎಂದುಬಿಟ್ಟ.

ಮದುವೆಯಾಯಿತು. ಸುಮಿತ್ರಾ ಕಡಲು ಬಿಟ್ಟು ಶ್ರೀರಾಂಪುರದ ಹತ್ತಿರದ ಓಬಯ್ಯನ ಊರಿಗೆ ಬಂದು, ಬೋರ್‌ವೆಲ್ ನೀರಿಗೆ ಹೊಂದಿಕೊಂಡಳು. ಮಗಳ ಹುಟ್ಟುಹಬ್ಬ ಮರೆಯುತ್ತಿದ್ದ ಮಾವ ಅಳಿಯನ ಮಾತನ್ನು ಮಾತ್ರ ಒಂದು ಸಲವೂ ಮರೆಯಲಿಲ್ಲ. ಅವರು ಓಬಯ್ಯನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಹ್ವಾಯ್ ಬಾಗಿಲು, ದೋಣಿ ಎಲ್ಲಿಗೆ ಬಂತು?" ಎನ್ನುವುದು ಫೋನಿನಲ್ಲಿ ಅವರ ನಮಸ್ಕಾರ. ಹಬ್ಬಕ್ಕೆ ಹೋದರೆ ಮೂವರು ಬಾಮೈದರೂ ಸಾಲಾಗಿ ಕೂತು ಅದನ್ನೇ ಕೇಳಿ, ಸಾಲಾಗಿ ನಗುತ್ತಿದ್ದರು. ಮೀನು ಬಡಿಸಿಕೊಂಡ ತಟ್ಟೆಯ ಮುಂದೆ ಕೋಪ ಮಾಡಿಕೊಳ್ಳುವುದು ಕಷ್ಟ. ಓಬಯ್ಯ ಕೋಪವನ್ನು ಸಾರಿನೊಂದಿಗೆ ನುಂಗಿ ಬರುತ್ತಿದ್ದ.

ಈ ವರ್ಷ ನುಂಗಲಾಗಲಿಲ್ಲ. ಹಿರಿಯೂರಿನಿಂದ ನೀರಿಗೆ ಬಗ್ಗದ ಪ್ಲೈವುಡ್ ತರಿಸಿದ. ಫೈಬರ್ ಬಾಗಿಲು ಮಾಡಿ ಕೈ ಪಳಗಿತ್ತು, ಮೊಬೈಲಿನಲ್ಲಿ ದೋಣಿ ಕಟ್ಟುವ ವಿಡಿಯೋಗಳಿದ್ದವು. ಮನೆಯ ಹಿಂದಿನ ಹಿತ್ತಲಲ್ಲಿ ನಾಲ್ಕು ತಿಂಗಳು ಕೂತು ಹದಿನಾಲ್ಕು ಅಡಿಯ ದೋಣಿ ಕಟ್ಟಿದ. ಹಲಗೆಗಳನ್ನು ತಂತಿಯಲ್ಲಿ ಹೊಲಿದು, ಸಂದಿಗೆ ಅಂಟು ತುಂಬಿ, ಮೇಲೆ ಫೈಬರ್ ಹೊದಿಸಿ, ಉಜ್ಜಿ ಉಜ್ಜಿ ನೀಲಿ ಬಣ್ಣ ಬಳಿದ. ಮೂಗಿನ ಮೇಲೆ ಬಿಳಿಯಲ್ಲಿ 'ಸುಮಿತ್ರಾ' ಎಂದು ಬರೆದ.

ಈ ನಾಲ್ಕು ತಿಂಗಳಲ್ಲಿ ಅವನಿಗೆ ಬುದ್ಧಿ ಹೇಳದೆ ಉಳಿದದ್ದು ಊರಲ್ಲಿ ಬಸವನ ಕಲ್ಲೊಂದೇ. ಅದು ಹಸುಗಳಿಗೆ ನೀರು ಕುಡಿಸುವ ತೊಟ್ಟಿ ಎಂದರು ಕೆಲವರು. ಸೈಲೇಜ್ ಮೇವು ತುಂಬೋಕೆ ಸರಿ ಎಂದರು ಕೆಲವರು. ದೇವಸ್ಥಾನ ಸಮಿತಿಯ ಅಧ್ಯಕ್ಷ ಮೂಡಲಗಿರಿಯಪ್ಪ ದೋಣಿಯ ತಳವನ್ನು ಬಗ್ಗಿ ನೋಡಿ, "ತಳ ಮಟ್ಟ ಇಲ್ಲ ಕಣಪ್ಪ, ಆಕಡೆ ಈಕಡೆ ವಾಲ್ತೈತೆ. ಗೊಬ್ರದ ಗುಂಡಿಗೂ ತಳ ಮಟ್ಟ ಇರ್ತದೆ" ಎಂದು ಹೇಳಿ ಹೋದ. ಎದುರು ಮನೆಯ ಕಾಟಮ್ಮನಿಗೆ ಒಂದೇ ಅನುಮಾನ. "ಇಷ್ಟೆಲ್ಲ ಮಾಡ್ದೋನು ಇದಕ್ಕೊಂದು ಬಾಗಿಲು ಮಡಗಕ್ಕೆ ಮರ್ತನಾ?"

ಓಬಯ್ಯ ಹಲ್ಲು ಕಚ್ಚಿಕೊಂಡಿದ್ದ. ಬುಧವಾರ ನೂಲ ಹುಣ್ಣಿಮೆ. ಅಂದು ಮರವಂತೆಯವರೆಲ್ಲ ಸಮುದ್ರಪೂಜೆ ಮಾಡಿ ಹೊಸ ಋತುವಿನ ಮೀನುಗಾರಿಕೆಗೆ ಇಳಿಯುತ್ತಾರೆ. ಊರಿಗೆ ಊರೇ ದಂಡೆಯಲ್ಲಿ ನಿಂತಿರುವಾಗ, ಮೂವರು ಬಾಮೈದರ ಕಣ್ಣೆದುರಿಗೆ, ಮಾವನನ್ನು ಕೈಹಿಡಿದು ಈ ದೋಣಿಯಲ್ಲಿ ಕೂರಿಸಬೇಕು. ಆಮೇಲೆ ಯಾರು ಬಾಗಿಲು ಅನ್ನುತ್ತಾರೋ ನೋಡಬೇಕು. ಅದಕ್ಕೆಂದೇ ಗಂಗೊಳ್ಳಿಯ ಮೀನಿನ ಲಾರಿಯೊಂದನ್ನು ಗೊತ್ತುಮಾಡಿದ್ದ. ಸೋಮವಾರ ಅದು ಹಿರಿಯೂರಿನಲ್ಲಿ ಮೀನು ಇಳಿಸಿ, ಖಾಲಿ ಹಿಂದಿರುಗುವಾಗ ಎರಡು ಗಂಟೆಗೆ ಊರ ಗೇಟ್‌ನಲ್ಲಿ, ಅಂದರೆ ಟಾರು ರಸ್ತೆಯಿಂದ ಊರಿಗೆ ತಿರುಗುವಲ್ಲಿ, ನಿಲ್ಲುತ್ತದೆ. ಅರ್ಧ ಗಂಟೆ ಕಾಯುತ್ತದೆ. ಅದರ ಮೇಲೆ ಒಂದು ನಿಮಿಷವೂ ಇಲ್ಲ.

ಆ ಸೋಮವಾರ ಬೆಳಗ್ಗೆ ಮುಖ ತೊಳೆಯುವ ಮುಂಚೆಯೇ ಮೂಡಲಗಿರಿಯಪ್ಪ ಬಂದು ಕಟ್ಟೆಯ ಮೇಲೆ ಕೂತ. ಒಂಬತ್ತು ವರ್ಷದ ಮೇಲೆ ಊರ ಕೆರೆ ಕೋಡಿ ಬಿದ್ದಿತ್ತು. ಶ್ರಾವಣ ಸೋಮವಾರವಾದ ಅಂದೇ ಕಲ್ಲೇಶ್ವರ ಸ್ವಾಮಿಯನ್ನು ತೆಪ್ಪದಲ್ಲಿ ಕೂರಿಸಿ ಕೆರೆ ಸುತ್ತಿಸುವುದೆಂದು ಸಮಿತಿ ತೀರ್ಮಾನಿಸಿತ್ತು. ಡ್ರಮ್ಮು, ಬಾಳೆದಿಂಡು ಕಟ್ಟಿ ತೆಪ್ಪ ಮಾಡಿ, ನಿನ್ನೆ ಮೂಡಲಗಿರಿಯಪ್ಪನೇ ಹತ್ತಿ ಪರೀಕ್ಷೆ ಮಾಡಿದ್ದ. ತೆಪ್ಪ ಅವನನ್ನು ಕೆರೆಗೆ ಒಪ್ಪಿಸಿ ತಾನು ತೇಲಿಕೊಂಡು ಹೋಗಿತ್ತು.

"ಒಂದಿನಕ್ಕೆ ದೋಣಿ ಕೊಡು. ಸಂಜೆಗೆ ತಂದು ಬಿಡ್ತೀವಿ."

"ಎರಡು ಗಂಟೆಗೆ ಲಾರಿ ಐತೆ ಅಣ್ಣ. ಆಗಲ್ಲ."

"ದೇವ್ರ ಕೆಲಸ ಕಣೋ."

"ನಾಲ್ಕು ತಿಂಗಳು ತಳ ಮಟ್ಟ ಇಲ್ಲ ಅಂದ್ರಿ. ಮಟ್ಟ ಇಲ್ದಿದ್ದು ದೇವ್ರಿಗೆ ಯಾಕೆ?"

ಮೂಡಲಗಿರಿಯಪ್ಪ ಪಂಚೆ ಕೊಡವಿಕೊಂಡು ಎದ್ದ. "ಆಯ್ತು ಬಿಡಪ್ಪ. ಮನುಷ್ರು ಕೇಳಿದ್ರೆ ಇಲ್ಲ ಅಂತೀಯ. ನೋಡಾಣ."

ಈ 'ನೋಡಾಣ' ಓಬಯ್ಯನಿಗೆ ಸರಿಬರಲಿಲ್ಲ. ಆದರೆ ಅದನ್ನು ಯೋಚಿಸುವಷ್ಟರಲ್ಲಿ ಇನ್ನೊಂದು ವಿಪತ್ತು ಬೀದಿಯಲ್ಲಿ ನಡೆದು ಬಂತು. ಹೆಗಲಿಗೆ ಟವೆಲ್, ಕೈಯಲ್ಲಿ ಒಣಮೀನಿನ ಕಟ್ಟು. ಮಾವ. ಹಿರಿಯೂರಿಗೆ ಹೊರಟ ಅದೇ ಮೀನಿನ ಲಾರಿಯಲ್ಲಿ ಕೂತು ಬಂದು ಗೇಟ್‌ನಲ್ಲಿ ಇಳಿದಿದ್ದರು.

"ಹೇಳದೆ ಕೇಳದೆ ಬಂದ್ಬಿಟ್ರಲ್ಲ ಅಪ್ಪಯ್ಯ" ಎಂದಳು ಸುಮಿತ್ರಾ, ಒಣಮೀನನ್ನು ಸೆರಗಿನೊಳಗೆ ಮುಚ್ಚಿಕೊಂಡು.

"ದೋಣಿ ಅಂದ್ಕಂಡು ಇವ ಕಪಾಟು ಕಳಿಸಿರೆ? ದಂಡೆ ಮೇಲೆ ನನ್ನ ಮಾನ ಹೋತಿಲ್ಯಾ? ಕಂಡ್ಕಂಡು ಹೋಪ ಅಂತ ಬಂದೆ."

ಎಪ್ಪತ್ತನಾಲ್ಕರ ಮಾವ ಹಿತ್ತಲಿಗೆ ಹೋಗಿ ದೋಣಿಯ ಸುತ್ತ ಎರಡು ಸಲ ತಿರುಗಿದರು. ಗೆಣ್ಣಿನಿಂದ ಅಲ್ಲಲ್ಲಿ ಕುಟ್ಟಿದರು. ಮೂಗು ಮೊಂಡು ಎಂದರು. ನೀಲಿ ಹೆಚ್ಚಾಯಿತು ಎಂದರು. ಹುಟ್ಟಿನ ಹಿಡಿ ದಪ್ಪ, ಕೂರುವ ಹಲಗೆ ಎತ್ತರ. ಓಬಯ್ಯ ಒಂದೊಂದಕ್ಕೂ ಕಿವಿಯವರೆಗೆ ಕೆಂಪಾಗುತ್ತಾ ನಿಂತಿದ್ದ. ಕೊನೆಗೆ ಮಾವ ಒಳಗೆ ಕೈ ಹಾಕಿ ಸಂದಿಯುದ್ದಕ್ಕೂ ಬೆರಳಾಡಿಸಿದರು. ಬೆರಳು ಎಲ್ಲೂ ತಡೆಯಲಿಲ್ಲ. ಹೆಗಲ ಟವೆಲ್ ತೆಗೆದು ದೋಣಿಯ ಅಂಚಿನ ಧೂಳು ಒರೆಸಿದರು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಓಬಯ್ಯನ ಎದೆ ಒಂದಿಂಚು ಉಬ್ಬಿತು.

ಟ್ರ್ಯಾಕ್ಟರ್ ಚಂದ್ರು ಟ್ರೈಲರ್ ತಂದ. ಆರು ಜನ ಹಿಡಿದು ದೋಣಿಯನ್ನು ಏರಿಸಿದರು. ಇನ್ನೇನು ಹೊರಡಬೇಕು, ಕಾಟಮ್ಮ ಅಡ್ಡ ನಿಂತಳು.

"ಯಮಗಂಡಕಾಲ. ಹನ್ನೆರಡ್ರ ತಂಕ ಎಲ್ಲಿಗೂ ಹೊರಡಂಗಿಲ್ಲ."

"ದೋಣಿಗೂ ಯಮಗಂಡಕಾಲ ಐತೇನಕ್ಕ?"

"ನೀರ ಮೇಲೆ ಹೋಗೋ ವಸ್ತು. ಅದಕ್ಕಲ್ದೆ ಇನ್ಯಾವ್ದಕ್ಕೆ?"

ಮಾವ ಗಂಭೀರವಾಗಿ ತಲೆಯಾಡಿಸಿದರು. ಹನ್ನೆರಡಾಯಿತು. ಈಗ ಕಾಟಮ್ಮನಿಗೆ ಪೂಜೆ ನೆನಪಾಯಿತು. ಹೊಸ ಬೈಕು ತಂದರೂ ದೇವಸ್ಥಾನದ ಮುಂದೆ ನಿಲ್ಲಿಸಿ, ನಿಂಬೆಹಣ್ಣು ತುಳಿಸದೆ ಯಾರೂ ಓಡಿಸುವುದಿಲ್ಲ, ಇದೇನು ಪರದೇಶಿಯೇ? ಸುಮಿತ್ರಾಳೂ ಹೌದೆಂದಳು. ಗೇಟ್‌ಗೆ ಹೋಗುವ ದಾರಿ ಹೇಗೂ ದೇವಸ್ಥಾನದ ಮುಂದೆಯೇ. ಒಂದು ಕಾಯಿ ಒಡೆಯುವುದಕ್ಕೆ ಎಷ್ಟು ಹೊತ್ತು ಎಂದುಕೊಂಡ ಓಬಯ್ಯ. ಪೂಜಾರಿ ಕೆಂಚಪ್ಪ ಒಳಗೆ ಉತ್ಸವಮೂರ್ತಿಗೆ ಅಲಂಕಾರ ಮಾಡುತ್ತಿದ್ದ. ಮುಗಿಸಿ ಬರುವಾಗ ಒಂದೂಮುಕ್ಕಾಲು. ಬಂದವನು ದೋಣಿಯ ಮೂಗಿಗೆ ವಿಭೂತಿ ಬಳಿದು, ಹಾರ ಹಾಕಿ, ನಿಂಬೆಹಣ್ಣು ಎಲ್ಲಿಡಬೇಕೆಂದು ಚಕ್ರ ಹುಡುಕಿ, ಚಕ್ರವಿಲ್ಲದ್ದನ್ನು ಕಂಡು ಟ್ರೈಲರ್‌ನ ಚಕ್ರಕ್ಕೇ ಇಟ್ಟ.

ಅಷ್ಟರಲ್ಲಿ ತಮಟೆ ಬಡಿಯಿತು. ಕಲ್ಲೇಶ್ವರ ಸ್ವಾಮಿಯ ಪಲ್ಲಕ್ಕಿ ಗುಡಿಯಿಂದ ಹೊರಗೆ ಬಂತು.

ಆ ಊರಲ್ಲಿ ಪಲ್ಲಕ್ಕಿಯನ್ನು ಮನುಷ್ಯರು ಹೊರುತ್ತಾರೆ, ನಡೆಸುವವನು ಸ್ವಾಮಿ. ಹೆಣ್ಣು ಕೇಳುವುದಿರಲಿ, ಬೋರ್ ಕೊರೆಸುವುದಿರಲಿ, ಪಲ್ಲಕ್ಕಿ ಮುಂದಕ್ಕೆ ನುಗ್ಗಿದರೆ ಅಪ್ಪಣೆ, ಹಿಂದಕ್ಕೆ ಸರಿದರೆ ಇಲ್ಲ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಓಬಯ್ಯನೂ ಈವರೆಗೆ ಪ್ರಶ್ನಿಸಿದವನಲ್ಲ. ಆದರೆ ಇಂದು ಮುಂದಿನ ಕೊಂಬಿಗೆ ಹೆಗಲು ಕೊಟ್ಟವನು ಮೂಡಲಗಿರಿಯಪ್ಪ.

ಪಲ್ಲಕ್ಕಿ ಕೆರೆಯ ದಾರಿಗೆ ನಾಲ್ಕು ಹೆಜ್ಜೆ ಹೋಯಿತು. ನಿಂತಿತು. ಗಿರ್ರನೆ ತಿರುಗಿತು. ಹಟ್ಟಿ ಕಂಡ ಕರುವಿನಂತೆ ಓಡಿ ಬಂದು ಟ್ರೈಲರ್‌ಗೆ ಹಣೆ ತಾಗಿಸಿ ನಿಂತಿತು. ತಮಟೆ ನಿಂತಿತು. ಊರು ಕೈಮುಗಿಯಿತು.

"ನಾವು ಕೇಳಿದ್ರೆ ಇಲ್ಲ ಅಂದೆ" ಎಂದ ಮೂಡಲಗಿರಿಯಪ್ಪ ಏದುಸಿರು ಬಿಡುತ್ತಾ. "ಈಗ ಅವನೇ ಕೇಳ್ತಾ ಅವ್ನೆ. ಹೇಳು."

ಓಬಯ್ಯನಿಗೆ ಉರಿದುಹೋಯಿತು. ಇದು ಯಾವ ನ್ಯಾಯ? ಹಲಗೆ ನನ್ನದು, ಬೆವರು ನನ್ನದು, ಫೈಬರ್ ಚುಚ್ಚಿಸಿಕೊಂಡ ಬೆರಳು ನನ್ನದು. ಸ್ವಾಮಿಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಪಲ್ಲಕ್ಕಿಯ ಮುಂದಿನ ಕೊಂಬು ಹೊತ್ತ ಹೆಗಲಿನ ಮೇಲಿತ್ತು. ಅದನ್ನು ಹೇಳುವಂತಿರಲಿಲ್ಲ. ಆಗ ಅವನಿಗೆ ಬ್ರಹ್ಮಾಸ್ತ್ರ ಹೊಳೆಯಿತು.

"ಸ್ವಾಮಿ ಕುಂಡ್ರಂಗಿಲ್ಲ ಕೆಂಚಪ್ಪ. ಇದು ಮೀನು ಹಿಡಿಯೋ ದೋಣಿ."

ಜನ ಒಂದು ಹೆಜ್ಜೆ ಹಿಂದೆ ಸರಿದರು. ಮೂಡಲಗಿರಿಯಪ್ಪನ ಮುಖ ಬಾಡಿತು. ಓಬಯ್ಯ ಗೆದ್ದಿದ್ದ. ಕೆಂಚಪ್ಪ ಗಡ್ಡ ಕೆರೆದುಕೊಂಡು ಒಂದೇ ಒಂದು ಪ್ರಶ್ನೆ ಕೇಳಿದ.

"ಇದ್ರಾಗೆ ಮೀನು ಎಷ್ಟು ಹಿಡ್ದಿದೀಯ?"

ಹೂಂ, ಒಂದು ಬುಟ್ಟಿ ಎಂದಿದ್ದರೆ ಸಾಕಿತ್ತು. ಆದರೆ ಕಸುಬಿನವನಿಗೆ ತನ್ನ ಕೈಕೆಲಸವನ್ನು ಹಳೆಯದು ಎನ್ನಲು ನಾಲಗೆ ಏಳುವುದಿಲ್ಲ. ಪಕ್ಕದಲ್ಲಿ ಮಾವ ಬೇರೆ. "ಏ, ಬಿಲ್ಕುಲ್ ಹೊಸದು. ಮೀನಿರ್ಲಿ, ಒಂದು ಹನಿ ನೀರೂ ಕಂಡಿಲ್ಲ" ಎಂದುಬಿಟ್ಟ ಓಬಯ್ಯ.

"ಹಂಗಾರೆ ಮಡಿ ಐತೆ" ಎಂದ ಕೆಂಚಪ್ಪ. "ತಗಳ್ರಪ್ಪ."

ತಮಟೆ ಮತ್ತೆ ಶುರುವಾಯಿತು. ಚಂದ್ರು ಟ್ರ್ಯಾಕ್ಟರನ್ನು ಗೇಟ್ ಬಿಟ್ಟು ಕೆರೆಯ ಕಡೆಗೆ ತಿರುಗಿಸಿದ. "ಲೇ, ನಾನು ಬಾಡಿಗೆ ಮಾತಾಡಿದ್ದು ಗೇಟ್‌ಗೆ ಕಣ್ಲೇ" ಎಂದು ಓಬಯ್ಯ ಹಿಂದೆ ಓಡಿದ. "ಅಪ್ಪಣೆ ಆಗೈತಣ್ಣ" ಎಂದ ಚಂದ್ರು, ಗೇರ್ ಬದಲಾಯಿಸುತ್ತಾ.

ಕೆರೆಯಲ್ಲಿ ದೋಣಿ ತೇಲಿತು. ಬಹಳ ಚೆನ್ನಾಗಿ ತೇಲಿತು. ಸ್ವಾಮಿಯನ್ನು ಎತ್ತರದ ಹಲಗೆಯ ಮೇಲೆ ಕೂರಿಸಿ, ಕೆಂಚಪ್ಪ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಕೂತ. ಹುಟ್ಟು ಹಾಕುವವರು ಯಾರು? ಒಂಬತ್ತು ವರ್ಷ ಕ್ರಿಕೆಟ್ ಆಡಿದ ಕೆರೆಯಲ್ಲಿ ಯಾರು ತಾನೇ ಹುಟ್ಟು ಹಿಡಿದಿದ್ದರು? ಮಾಡಿದವನಿಗೆ ಬರಲೇಬೇಕೆಂದು ಎಲ್ಲರೂ ಓಬಯ್ಯನನ್ನು ದೂಡಿದರು. ಬೇಗ ಮುಗಿಸಿದರೆ ಲಾರಿ ಸಿಕ್ಕೀತೆಂದು ಅವನೂ ಹತ್ತಿದ. ಎಡಕ್ಕೆ ಎಳೆದ, ದೋಣಿ ಬಲಕ್ಕೆ ತಿರುಗಿತು. ಬಲಕ್ಕೆ ಎಳೆದ, ಬುಗುರಿಯಾಯಿತು. ಕಲ್ಲೇಶ್ವರ ಸ್ವಾಮಿ ದಡದಿಂದ ಹತ್ತಡಿ ದೂರದಲ್ಲಿ ಏಳು ಸುತ್ತು ಸುತ್ತಿದ. "ತಲೆ ಸುತ್ತತೈತೆ ಕಣೋ" ಎಂದ ಕೆಂಚಪ್ಪ, ಸ್ವಾಮಿಯ ಪರವಾಗಿಯೋ ತನ್ನ ಪರವಾಗಿಯೋ ತಿಳಿಯಲಿಲ್ಲ.

ಏರಿಯ ಮೇಲೆ ನಿಂತಿದ್ದ ಶೀನ ಮೊಗವೀರರಿಗೆ ಇದು ಸಹಿಸಲಾಗಲಿಲ್ಲ. "ಅದು ಹುಟ್ಟು ಮಾರಾಯ, ಸಾರಿನ ಸೌಟು ಅಲ್ಲ" ಎನ್ನುತ್ತಾ ಸೊಂಟದ ಮಟ್ಟದ ನೀರಿಗೆ ಇಳಿದು ಬಂದರು. ಅಳಿಯನನ್ನು ಕೊಕ್ಕರೆ ಓಡಿಸುವಂತೆ ದೋಣಿಯಿಂದ ಇಳಿಸಿ, ತಾವು ಏರಿ ಕೂತರು. ಎರಡೇ ಎಳೆತ. ದೋಣಿ ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಮೂರು ಸುತ್ತು, ಒಂದಲೆಯೂ ಏಳದಂತೆ. ಏರಿಯುದ್ದಕ್ಕೂ ಮೊಬೈಲುಗಳು ಮೇಲೆದ್ದವು. ಹೆಂಗಸರು ಮಾವನ ದಿಕ್ಕಿಗೂ ಆರತಿ ಎತ್ತಿದರು.

ಸೊಂಟದವರೆಗೆ ಒದ್ದೆಯಾಗಿ ನಿಂತಿದ್ದ ಓಬಯ್ಯನಿಗೆ ದೂರದ ಗೇಟ್‌ನಿಂದ ಲಾರಿಯ ಹಾರ್ನ್ ಕೇಳಿಸಿತು. ಉದ್ದಕ್ಕೆ ಒಂದು ಸಲ. ಇನ್ನೊಂದು ಸಲ. ಆಮೇಲೆ ಕೇಳಿಸಲಿಲ್ಲ.

ದಡದಲ್ಲಿ ಮೂಡಲಗಿರಿಯಪ್ಪ ಓಬಯ್ಯನಿಗೆ ಶಾಲು ಹೊದಿಸಿದ. "ಊರಿಗೆ ದೊಡ್ಡ ಸೇವೆ ಮಾಡ್ದೆ."

"ಶಾಲು ನೀವೇ ಮಡಿಕಳ್ರಿ. ನಾಳೆ ಬೇರೆ ಲಾರಿ ನೋಡ್ತೀನಿ. ದೋಣಿ ಎತ್ತಿಸ್ರಿ."

ಎಲ್ಲರೂ ಅವನನ್ನು ಮಗುವನ್ನು ನೋಡುವಂತೆ ನೋಡಿದರು. ಕೆಂಚಪ್ಪ ಮೆಲ್ಲಗೆ ಹೇಳಿದ. "ಸ್ವಾಮಿ ಕುಂತ ಮೇಲೆ ಅದು ಸ್ವಾಮಿ ವಾಹನ ಕಣಪ್ಪ. ಅದ್ರಾಗೆ ಮೀನು ಹಾಕಕ್ಕಾಯ್ತದಾ? ನೀನೇ ಹೇಳು."

ಓಬಯ್ಯನಿಗೆ ಉಳಿದದ್ದು ಒಂದೇ ಆಸರೆ. ಕೆಸರಿನಲ್ಲಿ ಪಚಪಚನೆ ನಡೆದು ಮಾವನ ಬಳಿಗೆ ಹೋದ. ಅವರ ತಲೆಗೆ ಆಗಲೇ ಜರಿ ಪೇಟ ಸುತ್ತಿದ್ದರು. ಕೊರಳಲ್ಲಿ ಚೆಂಡುಹೂವಿನ ಹಾರ.

"ಮಾವ, ನಾಡಿದ್ದು ಸಮುದ್ರಪೂಜೆ. ನೀವಾದ್ರೂ ಹೇಳ್ರಿ ಇವ್ರಿಗೆ."

"ಹೇಳೂಕೆ ಎಂತ ಇತ್ತ್?" ಎಂದರು ಮಾವ, ಹಾರ ಸರಿಮಾಡಿಕೊಳ್ಳುತ್ತಾ. "ಅಲ್ಲಿ ಮಕ್ಕಳು ಇಂಜಿನ್ ದೋಣಿಗೆ ನನ್ನನ್ನ ಹತ್ತಿಸ್ಕಂತಿಲ್ಲೆ. ಮುದುಕ, ಬಿದ್ದು ಸಾಯ್ತ ಅಂಬ್ರು. ಇಲ್ಲಿ ಕಾಣ್, ಇನ್ನೆರಡು ಸೋಮವಾರ ಇತ್ತ್, ಆಮೇಲೆ ಕಾರ್ತೀಕ ಇತ್ತ್. ಕೆರೆಯೋ ತುಂಬಿತ್ತ್. ನಾ ಇನ್ನು ಇಲ್ಲೇ ಇರ್ತೆ."

"ಇಲ್ಲೇ ಅಂದ್ರೆ ಎಲ್ಲಿ?"

"ಮಗಳ ಮನೆ ಇಲ್ಯಾ?"

ಸುಮಿತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಓಬಯ್ಯನ ಕಣ್ಣಲ್ಲೂ ನೀರು ಬಂತು, ಬೇರೆ ಕಾರಣಕ್ಕೆ. ಕೆಂಚಪ್ಪ ಅಲ್ಲಿಗೂ ಬಿಡಲಿಲ್ಲ. "ಸ್ವಾಮಿಯ ಅಂಬಿಗ ಇರೋ ಮನೇಲಿ ಮೀನು, ಮಾಂಸ ಬೇಯಂಗಿಲ್ಲ ಕಣವ್ವ. ಇವತ್ತಿಂದ ಒಲೆ ಮಡಿ."

"ಆಯ್ತು ಸ್ವಾಮಿ" ಎಂದಳು ಸುಮಿತ್ರಾ, ಗಂಡನನ್ನು ಒಂದು ಮಾತೂ ಕೇಳದೆ. ಅಂದು ಸಂಜೆಯೇ ಮರವಂತೆಯ ಒಣಮೀನು ಕಾಟಮ್ಮನ ಮನೆಗೆ ದಾಟಿತು. ಓಬಯ್ಯ ಅನ್ನ, ಸೊಪ್ಪಿನ ಸಾರಿನ ಮುಂದೆ ಕೂತಿದ್ದ. ಎದುರಿಗೆ ಪೇಟ ಬಿಚ್ಚದ ಮಾವ ದೋಣಿಯ ಮೂಗು ಎಷ್ಟು ಮೊಂಡು ಎನ್ನುವುದನ್ನು ಮೊದಲಿನಿಂದ ಹೇಳುತ್ತಿದ್ದರು. ಎದುರು ಮನೆಯಿಂದ ಮೀನು ಹುರಿಯುವ ವಾಸನೆ ಬರುತ್ತಿತ್ತು.

ಓಬಯ್ಯ ಕೈಯಾರೆ ದೋಣಿ ಮಾಡಿದ್ದ. ಮಾವ ಅದರಲ್ಲಿ ಕೂತಿದ್ದರು. ಕೊಟ್ಟ ಮಾತು ನಡೆಯಿತು.